ಇಂಗ್ಲಿಷ್ ತಿದ್ದುವಾಗ ಕನ್ನಡ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಗದಗ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ಶ್ರಾವಣ ಮುಗಿದು ಹೆಸರು ಬಿಡಿಸುವ ಹಂಗಾಮಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಶಾಲೆ ತಪ್ಪಿಸಿದಳು. ನಾಲ್ಕನೆಯ ದಿನ ಬಂದು, ನೋಟುಬುಕ್ಕಿನ ಹಾಳೆ ಹರಿದು ಬರೆದ ರಜೆ ಚೀಟಿ ಕೊಟ್ಟಳು. ‘ಐ ಡಿಡ್ ನಾಟ್ ಕೇಮ್ ಟು ಸ್ಕೂಲ್. ಮೈ ಮದರ್ ಈಸ್ ಸಿಕ್ ಸಿನ್ಸ್ ತ್ರೀ ಡೇಸ್.’ ತಾಯಿ ಮಲಗಿದ್ದರಿಂದ ಅವರ ಬದಲು ಇವಳು ಹೊಲಕ್ಕೆ ಹೋಗಿದ್ದಳು. ಬೆರಳುಗಳ ಮೇಲೆ ಇನ್ನೂ ಹೆಸರುಕಾಯಿಯ ಕಪ್ಪು ಇತ್ತು.

ಮೊದಲು ತಾಯಿಯ ಆರೋಗ್ಯ ವಿಚಾರಿಸಿದೆ. ಆಮೇಲೆ ಕೇಳಿದೆ: “‘ಬಂದೆ’ ಎನ್ನುವುದನ್ನು ಇಲ್ಲ ಎಂದು ತಿರುಗಿಸಿ ಹೇಳು.” “ಬರಲಿಲ್ಲ.” “‘ಬಂದಲಿಲ್ಲ’ ಎಂದು ಏಕೆ ಹೇಳಲಿಲ್ಲ?” ಇಡೀ ತರಗತಿ ನಕ್ಕಿತು. “ಹಾಗೆ ಯಾರು ಅನ್ನುತ್ತಾರೆ, ಅಕ್ಕೋರೇ?” ಎಂದಳು.

‘ಕೇಮ್’ ಎಂದರೆ ‘ಬಂದೆ’. ‘ಡಿಡ್ ನಾಟ್ ಕೇಮ್’ ಎಂದರೆ ನಮ್ಮ ‘ಬಂದಲಿಲ್ಲ’. ಕನ್ನಡದಲ್ಲಿ ‘ಲಿಲ್ಲ’ ಬಂದೊಡನೆ ಆಗಿಹೋದ ಕಾಲವನ್ನು ಅದೇ ಹೇಳಿಬಿಡುತ್ತದೆ. ‘ಬಂದೆ’ ಮತ್ತೆ ‘ಬರ’ ಆಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಡಿಡ್’ ಮಾಡುತ್ತದೆ, ಹಾಗಾಗಿ ‘ಕೇಮ್’ ಮತ್ತೆ ‘ಕಮ್’. ಈ ನಿಯಮವನ್ನು ಮಗು ಮೂರನೆಯ ವಯಸ್ಸಿನಲ್ಲೇ ತಾಯಿಯ ಬಾಯಿಂದ ಕಲಿತಿದೆ. ಅದನ್ನು ನೆನಪಿಸುವುದಷ್ಟೇ ನಮ್ಮ ಕೆಲಸ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದು ಎಂಬ ಕಟ್ಟಳೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಎರಡನೆಯ ತಪ್ಪು, ‘ಸಿನ್ಸ್ ತ್ರೀ ಡೇಸ್’, ಬೇರೆ ಜಾತಿಯದು. ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’. ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಇಂಗ್ಲಿಷ್ ಇದನ್ನು ಒಡೆದು, ಶುರುವಾದ ದಿನಕ್ಕೆ ‘ಸಿನ್ಸ್’, ಕಳೆದ ದಿನಗಳ ಲೆಕ್ಕಕ್ಕೆ ‘ಫಾರ್’ ಎನ್ನುತ್ತದೆ. ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ: ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ‘ಇಲ್ಲಿಂದ’ ಎನ್ನುವಂತಿದ್ದರೆ ಸಿನ್ಸ್, ಬೆರಳು ಮಡಚಿ ಎಣಿಸುವಂತಿದ್ದರೆ ಫಾರ್. ಜೊತೆಗೆ ನಮ್ಮ ‘ಜ್ವರವಿದೆ’ ಅಲ್ಲಿ ‘ಹ್ಯಾಸ್ ಬೀನ್’ ಆಗಬೇಕು. ಇಲ್ಲಿ ಕನ್ನಡ ಕೈಹಿಡಿಯುವುದಿಲ್ಲ, ಅಭ್ಯಾಸವೇ ಆಗಬೇಕು.

ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಕಲಿಯುವವರ ತಪ್ಪುಗಳ ಕುರಿತು ಒಂದು ಲೇಖನ ಬರೆದರು. ಅದರಲ್ಲಿ ಎರಡು ಬಗೆ ಹೇಳಿದರು: ಗೊತ್ತಿದ್ದೂ ಆಯಾಸದಿಂದಲೋ ಮರೆವಿನಿಂದಲೋ ಆಗುವ ಕೈತಪ್ಪು ಒಂದು. ಮನಸ್ಸಿನಲ್ಲಿ ತಾನೇ ಕಟ್ಟಿಕೊಂಡ ನಿಯಮದಿಂದ ಬರುವ ತಪ್ಪು ಇನ್ನೊಂದು. ಈ ಎರಡನೆಯದು ಕಲಿಕೆ ಎಲ್ಲಿಗೆ ಬಂದಿದೆ ಎಂದು ತೋರಿಸುತ್ತದೆ. ‘ವೆಂಟ್’ ಎನ್ನುವ ಬದಲು ‘ಗೋ’ಗೆ ‘ಡ್’ ಸೇರಿಸಿ ‘ಗೋಡ್’ ಎಂದು ಬರೆದ ಹುಡುಗ ‘ಪ್ಲೇಡ್’, ‘ವಾಕ್ಡ್’ ಪದಗಳ ನಿಯಮವನ್ನು ಹಿಡಿದಿದ್ದಾನೆ. ಅವನನ್ನು ದಡ್ಡ ಎನ್ನುವುದು ಅನ್ಯಾಯ.

ಇಂಗ್ಲಿಷಿನ ‘ಎ’, ‘ದ’ ಗೊಂದಲಕ್ಕೆ ಅಜ್ಜಿಯ ಕಥೆ ಸಾಕು. ‘ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಹೆಣ್ಣುಮಕ್ಕಳು.’ ಮೊದಲ ಸಲ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಎಲ್ಲ ಕಡೆಗೂ ಇದು ಹೊಂದುವುದಿಲ್ಲ. ಮೊದಲ ಹೆಜ್ಜೆಗೆ ಹೊಂದುತ್ತದೆ. ‘ಡಿಸ್ಕಸ್ ಅಬೌಟ್’ ನಮ್ಮ ‘ಬಗ್ಗೆ’ಯಿಂದ ಬಂದದ್ದು, ಅಬೌಟ್ ಬಿಟ್ಟರಾಯಿತು. ‘ಕಸಿನ್ ಬ್ರದರ್’ ಎಂದರೆ ಮಾತ್ರ ನಾನು ಗೆರೆ ಎಳೆಯುವುದಿಲ್ಲ. ಚಿಕ್ಕಪ್ಪನ ಮಗ ನಮಗೆ ತಮ್ಮನೇ, ಬರಿಯ ‘ಕಸಿನ್’ ಎಂದರೆ ಆ ಮಗುವಿಗೆ ಮಾತು ಮುಗಿದಂತಾಗುವುದಿಲ್ಲ.

ಆ ಚೀಟಿಯಲ್ಲಿ ನಾನು ಕೆಂಪು ಶಾಯಿ ತಾಗಿಸಿದ್ದು ‘ಕೇಮ್’ ಒಂದಕ್ಕೇ. ಹಾಳೆ ತುಂಬ ಕೆಂಪು ಕಂಡರೆ ಮಗು ಮುಂದಿನ ಸಲ ಎರಡೇ ಸಾಲು ಬರೆಯುತ್ತದೆ, ಅದೂ ಗೈಡ್ ನೋಡಿ.

ವಾರ ಕಳೆದು ಅವಳು ಇನ್ನೊಂದು ವಾಕ್ಯ ಬರೆದು ತಂದಳು: ‘ಮೈ ಮದರ್ ಡಿಡ್ ನಾಟ್ ಟೇಕ್ ಮೆಡಿಸಿನ್ ಸಿನ್ಸ್ ಟೂ ಡೇಸ್.’ ‘ಟೇಕ್’ ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದೆ. ಸಿನ್ಸ್ ಅಂದು ಹಾಗೆಯೇ ಇರಲಿ ಎಂದು ಬಿಟ್ಟು, ಔಷಧಿ ಏಕೆ ತಪ್ಪಿತು ಎಂದು ಕೇಳಿದೆ.

ನಮಸ್ಕಾರ.