ತೂತಿನ ಲೆಕ್ಕ, ಹೊಗೆಯ ಹದ

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಒಲೆಯ ವಿಷಯ ಮಾತಾಡೋಣ. ಇದಕ್ಕೆ ಇಟ್ಟಿಗೆ ಬೇಡ, ಮಣ್ಣು ಬೇಡ. ಎಣ್ಣೆ, ಜೇನುತುಪ್ಪ, ಹಣ್ಣಿನ ರಸ ತುಂಬಿ ಬರುವ 200 ಲೀಟರಿನ ಸ್ಟೀಲ್ ಡ್ರಮ್ಮು ಗೊತ್ತಲ್ವಾ? ಅದರಿಂದ ಮಾಡುವ ಒಲೆ. ಇದರಲ್ಲಿ ಉರಿ ಏಳಬಾರದು. ಕೆಂಡ ಇರಬೇಕು, ಹೊಗೆ ಇರಬೇಕು, ಕಾಯುವವರಿಗೆ ಪುರುಸೊತ್ತು ಇರಬೇಕು. ಅಮೆರಿಕದಲ್ಲಿ ಇದನ್ನು ‘ಅಗ್ಲಿ ಡ್ರಮ್ ಸ್ಮೋಕರ್’ ಅಂತ ಕರೆಯುತ್ತಾರೆ. ಅಂದಗೇಡಿ ಡ್ರಮ್ಮು ಅಂತ ಹೇಳಬಹುದು. ಆ ಹೆಸರನ್ನು ಪ್ರೀತಿಯಿಂದ ಹೇಳಿಕೊಂಡು ತಿರುಗುವವರು ಅದನ್ನು ಮಾಡಿಕೊಂಡವರೇ.

ನಮ್ಮ ಕಡೆ ಹೋಟೆಲುಗಳಲ್ಲಿ ಮೇಜಿನ ಮಧ್ಯೆ ಕೆಂಡ ಇಟ್ಟು, ಕಡ್ಡಿಗೆ ಪನೀರ್, ಚಿಕನ್ ಚುಚ್ಚಿ ಕೊಡುತ್ತಾರೆ. ಅಮೆರಿಕದ ದಕ್ಷಿಣ ರಾಜ್ಯಗಳ ಜನ ಅದನ್ನು ಬಾರ್ಬೆಕ್ಯೂ ಅಂತ ಒಪ್ಪುವುದಿಲ್ಲ. ಸಣ್ಣ ಕಾವಿನಲ್ಲಿ, ಕಟ್ಟಿಗೆಯ ಹೊಗೆ ಕುಡಿಸುತ್ತಾ, ಗಂಟೆಗಟ್ಟಲೆ ಬೇಯಿಸಿದರೆ ಮಾತ್ರ ಅವರಿಗೆ ಅದು ಬಾರ್ಬೆಕ್ಯೂ. ಹಿಂದೆ ನೆಲದಲ್ಲಿ ಉದ್ದಕ್ಕೆ ಗುಂಡಿ ತೋಡಿ, ರಾತ್ರಿಯಿಡೀ ಕೆಂಡ ಹಾಕುತ್ತಾ ಬೇಯಿಸುತ್ತಿದ್ದರು. ಗುಂಡಿ ತೋಡಿ, ನಿದ್ದೆಗೆಟ್ಟು, ಹೊಗೆಯಲ್ಲಿ ಕಣ್ಣುರಿಸಿಕೊಂಡವರು ಬಹುಪಾಲು ಆಫ್ರಿಕಾ ಮೂಲದ ಗುಲಾಮರು. ಈ ಅಡುಗೆಯ ಕೈಗುಣ ಬಹುಮಟ್ಟಿಗೆ ಅವರದೇ. ಕಳೆದ ಶತಮಾನದ ಶುರುವಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹೆನ್ರಿ ಪೆರ್ರಿ ಎಂಬ ಕಪ್ಪು ಬಾಣಸಿಗ ಹೊಗೆಯಲ್ಲಿ ಬೇಯಿಸಿದ ಮಾಂಸವನ್ನು ಹಳೇ ಪೇಪರಿನಲ್ಲಿ ಸುತ್ತಿ ಮಾರುತ್ತಿದ್ದ. ಆ ಊರಿನ ಬಾರ್ಬೆಕ್ಯೂಗೆ ಅವನನ್ನೇ ಪಿತಾಮಹ ಅನ್ನುತ್ತಾರೆ.

ಇನ್ನು ಡ್ರಮ್ಮಿನ ಕಥೆ. ಇದರ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ ಅಂದರೆ ಆಶ್ಚರ್ಯ ಆಗಬಹುದು. ನೆಲ್ಲಿ ಬ್ಲೈ ಅಂತ ಅಮೆರಿಕದ ಪತ್ರಕರ್ತೆ. 1889ರಲ್ಲಿ ಹೊರಟು 72 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಾಕೆ. ಮುಂದೆ ಗಂಡನ ಲೋಹದ ಸಾಮಾನಿನ ಕಾರ್ಖಾನೆ ಆಕೆಯ ಕೈಗೆ ಬಂತು. ಅಲ್ಲಿ ಕೆಲಸಕ್ಕಿದ್ದ ಹೆನ್ರಿ ವೆರ್‌ಹಾನ್ ಎಂಬಾತ 1905ರಲ್ಲಿ ಸ್ಟೀಲ್ ಪೀಪಾಯಿಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಎಣ್ಣೆ ಮರದ ಪೀಪಾಯಿಯಲ್ಲಿ ಸೋರುತ್ತಾ ಹೋಗುತ್ತಿತ್ತು. ಇವತ್ತಿನ ಡ್ರಮ್ಮಿನ ಎತ್ತರ ಸುಮಾರು 88 ಸೆಂಟಿಮೀಟರ್, ಅಗಲ 58. ಮೈಮೇಲೆ ಉಬ್ಬಿದ ಎರಡು ಬಳೆ. ಅವು ಗಟ್ಟಿತನಕ್ಕೂ ಆಯಿತು, ಉರುಳಿಸುವುದಕ್ಕೂ ಆಯಿತು.

ಖಾಲಿ ಆದಮೇಲೆ ಈ ಡ್ರಮ್ಮನ್ನು ಜನ ಸುಮ್ನೆ ಬಿಟ್ಟಿಲ್ಲ. ಟ್ರಿನಿಡಾಡಿನಲ್ಲಿ ಅದರ ತಳ ತಟ್ಟಿ ತಟ್ಟಿ ಸ್ವರ ಹೊರಡುವ ವಾದ್ಯ ಮಾಡಿಕೊಂಡರು. ಜಮೈಕಾದಲ್ಲಿ ಉದ್ದಕ್ಕೆ ಸೀಳಿ, ಒಂದು ಹೋಳಿನಲ್ಲಿ ಕೆಂಡ ಹಾಕಿ, ಇನ್ನೊಂದನ್ನು ಮುಚ್ಚಳ ಮಾಡಿ, ರಸ್ತೆ ಬದಿಯಲ್ಲಿ ಖಾರದ ಮಸಾಲೆ ಹಚ್ಚಿದ ಜರ್ಕ್ ಚಿಕನ್ ಬೇಯಿಸುತ್ತಾರೆ. ನಾನು ಹೇಳಹೊರಟಿರುವುದು ಸೀಳದೆ, ನಿಲ್ಲಿಸಿಯೇ ಮಾಡುವ ಒಲೆ. ಸುಲಭ ಅದೇ. ವೆಲ್ಡಿಂಗ್ ಬೇಕಿಲ್ಲ. ಡ್ರಿಲ್, ಸ್ಪ್ಯಾನರ್ ಇದ್ದರೆ ಒಂದು ಭಾನುವಾರದ ಕೆಲಸ.

ಡ್ರಮ್ಮು ಆರಿಸುವಾಗ ಮಾತ್ರ ಹುಷಾರು. ಅದರಲ್ಲಿ ಮೊದಲು ಏನಿತ್ತು ಅಂತ ಗೊತ್ತಿರಲೇಬೇಕು. ಕೀಟನಾಶಕ, ಥಿನ್ನರ್, ಪೇಂಟ್ ಇದ್ದ ಡ್ರಮ್ಮನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ತಿನ್ನುವ ಪದಾರ್ಥ ಇದ್ದದ್ದು, ಮುಚ್ಚಳ ಪೂರ್ತಿ ತೆಗೆಯಲು ಬರುವಂಥದ್ದು ಒಳ್ಳೆಯದು. ಜಿಂಕ್ ಲೇಪಿಸಿದ ಡ್ರಮ್ಮೂ ಬೇಡ, ಒಳಗೆ ಮಾಂಸ ಇಡುವ ಜಾಲರಿಗೂ ಜಿಂಕ್ ಲೇಪ ಬೇಡ. ಕಾವು ಜಾಸ್ತಿಯಾದರೆ ಅದರ ಹೊಗೆ ಮೈಗೆ ಒಳ್ಳೆಯದಲ್ಲ. ಇನ್ನೊಂದು ವಿಷಯ, ಇದು ಜೀವದ ಪ್ರಶ್ನೆ. ಬಾಯಿ ಮುಚ್ಚಿದ ಹಳೇ ಡ್ರಮ್ಮಿಗೆ ಗ್ರೈಂಡರ್ ಅಥವಾ ಗ್ಯಾಸ್ ಕಟರ್ ಹಿಡಿಯಬೇಡಿ. ಒಳಗೆ ಒಂದು ಹನಿ ಪೆಟ್ರೋಲಿನ ಆವಿ ಉಳಿದಿದ್ದರೂ ಕಿಡಿ ತಾಗಿದ ತಕ್ಷಣ ಸಿಡಿಯುತ್ತದೆ. ತಲೆ ಹಾರುವಷ್ಟು ಜೋರಾಗಿ.

ಆಹಾರದ ಡ್ರಮ್ಮುಗಳ ಒಳಗೂ ಬಹಳ ಸಲ ಒಂದು ಲೇಪ ಇರುತ್ತದೆ. ಕೆಲವದರಲ್ಲಿ ಇಟ್ಟಿಗೆ ಕೆಂಪು, ಕೆಲವದರಲ್ಲಿ ಕಂದು. ಅದನ್ನು ಸುಡಲೇಬೇಕು. ಮುಚ್ಚಳ ತೆಗೆದು, ಕೆಳಗೆ ಗಾಳಿ ತೂತು ಕೊರೆದಾದ ಮೇಲೆ, ಬಯಲಿನಲ್ಲಿ ನಿಲ್ಲಿಸಿ ಒಣ ಕಟ್ಟಿಗೆಯಿಂದ ದೊಡ್ಡ ಉರಿ ಹಾಕಿ. ಮೊದಲು ಹೊರಗಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಆಮೇಲೆ ಸುರುಳಿ ಸುತ್ತಿ ಉದುರುತ್ತದೆ. ವಾಸನೆ ಅಸಹ್ಯ. ಗಾಳಿ ಬರುವ ಕಡೆ ನಿಂತುಕೊಳ್ಳಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ. ತಣ್ಣಗಾದ ಮೇಲೆ ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಬರಿಯ ತಗಡು ಕಾಣಬೇಕು. ಎಲ್ಲಾದರೂ ಲೇಪ ಕಂಡರೆ ಇನ್ನೊಂದು ಸಲ ಉರಿ. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಅದು ಊಟಕ್ಕೆ ಸೇರುತ್ತದೆ. ಆಮೇಲೆ ಹೊರಗೆ ಕಾವು ತಡೆಯುವ ಪೇಂಟ್. ಒಳಗೆ ಪೇಂಟ್ ಬೇಡವೇ ಬೇಡ, ಅಡುಗೆ ಎಣ್ಣೆ ಸವರಿ ಒಂದೆರಡು ಗಂಟೆ ಹೊಗೆ ಹಾಕಿದರೆ ಸಾಕು. ಕಾವಲಿ ಪಳಗಿಸುತ್ತೇವಲ್ಲ, ಹಾಗೆ.

ಈಗ ತೂತುಗಳ ಮಾತು. ಈ ಒಲೆಯ ಜಾಣತನವೆಲ್ಲ ಅದರಲ್ಲೇ ಇದೆ. ತಳದಿಂದ ಎರಡು ಇಂಚು ಮೇಲೆ, ಸುತ್ತಲೂ ಸಮ ದೂರದಲ್ಲಿ ಮುಕ್ಕಾಲು ಇಂಚಿನ ನಾಲ್ಕು ತೂತು. ಪ್ರತಿಯೊಂದಕ್ಕೂ ಒಂದು ಗಿಡ್ಡ ಪೈಪು. ಮೂರಕ್ಕೆ ತಿರುಪಿನ ಮುಚ್ಚಳ, ನಾಲ್ಕನೆಯದಕ್ಕೆ ನೀರಿನ ಪೈಪಿಗೆ ಹಾಕುವ ಬಾಲ್ ವಾಲ್ವ್. ಮೇಲಿನ ಮುಚ್ಚಳದಲ್ಲಿ ಹೊಗೆ ಹೋಗಲು ಅರ್ಧ ಇಂಚಿನ ಎಂಟು ತೂತು. ಬಾಯಿಯಿಂದ ಏಳು ಇಂಚು ಕೆಳಗೆ ನಾಲ್ಕು ಬೋಲ್ಟು ಒಳಮುಖವಾಗಿ ಬಿಗಿದರೆ ಅದರ ಮೇಲೆ ಜಾಲರಿ ಕೂರುತ್ತದೆ. ವೆಬರ್ ಕಂಪನಿಯ ‘ಕೆಟಲ್ ಗ್ರಿಲ್’ ಅನ್ನುವ ಇದ್ದಿಲು ಒಲೆಯಲ್ಲಿ 22 ಇಂಚಿನದರ ಜಾಲರಿ ಈ ಡ್ರಮ್ಮಿಗೆ ಅಳತೆ ಕೊಟ್ಟು ಮಾಡಿಸಿದಂತೆ ಹೊಂದುತ್ತದೆ. ಅಂದ ಹಾಗೆ, 1952ರಲ್ಲಿ ಷಿಕಾಗೋದ ಜಾರ್ಜ್ ಸ್ಟೀಫನ್ ಆ ಗುಂಡನೆಯ ಕೆಟಲ್ಲನ್ನು ಮೊದಲು ಮಾಡಿದ್ದು ನೀರಿನಲ್ಲಿ ತೇಲಿಬಿಡುವ ಲೋಹದ ಬುರುಡೆಯನ್ನು ಎರಡು ಹೋಳು ಮಾಡಿ. ಅದೂ ಹೀಗೇ ಗುಜರಿ ಬುದ್ಧಿಯಲ್ಲಿ ಹುಟ್ಟಿದ್ದು.

ಇದ್ದಿಲಿಗೆ ದಪ್ಪ ತಂತಿ ಜಾಲರಿಯ ಒಂದು ಬುಟ್ಟಿ, ಅದಕ್ಕೆ ಮೂರು ಇಂಚಿನ ಕಾಲು. ಕಾಲು ಯಾಕೆ ಅಂದರೆ ಬೂದಿ ಕೆಳಗೆ ಉದುರಬೇಕು, ಗಾಳಿ ಅಡಿಯಿಂದ ನುಗ್ಗಬೇಕು. ಬುಟ್ಟಿಯ ತಳಕ್ಕೂ ಮೇಲಿನ ಜಾಲರಿಗೂ ಸುಮಾರು ಎರಡು ಅಡಿ ಅಂತರ. ಪಕ್ಕದಲ್ಲಿ ಒಂದು ಥರ್ಮಾಮೀಟರ್. ಮುಗಿಯಿತು.

ಬೆಂಕಿ ಹಾಕುವ ಕ್ರಮ ನಮಗೆ ರೂಢಿಯಿರುವುದಕ್ಕೆ ಉಲ್ಟಾ. ಬುಟ್ಟಿ ತುಂಬ ತಣ್ಣನೆಯ ಇದ್ದಿಲು ಸುರಿದು, ಮೇಲೆ ಹತ್ತು ಹನ್ನೆರಡು ಕೆಂಡ ಮಾತ್ರ ಇಡಬೇಕು. ಅವು ನಿಧಾನವಾಗಿ ಪಕ್ಕದ್ದನ್ನು ಹೊತ್ತಿಸುತ್ತಾ ಇಳಿಯುತ್ತವೆ. ಜಿಮ್ ಮಿನಿಯನ್ ಎಂಬ ಬಾರ್ಬೆಕ್ಯೂ ಸ್ಪರ್ಧಾಳು ಬಳಕೆಗೆ ತಂದ ಉಪಾಯ ಇದು, ಅವನ ಹೆಸರಲ್ಲೇ ಇದೆ. ಹೀಗೆ ಒಮ್ಮೆ ತುಂಬಿದರೆ ಹತ್ತು ಹನ್ನೆರಡು ಗಂಟೆ ಮತ್ತೆ ಇದ್ದಿಲು ಹಾಕಬೇಕಿಲ್ಲ. ಕಾವು 110ರಿಂದ 135 ಡಿಗ್ರಿ ಸೆಲ್ಸಿಯಸ್ ಒಳಗೆ ನಿಲ್ಲಬೇಕು. ನೂರು ದಾಟುತ್ತಿದ್ದಂತೆ ತಿರುಪಿನ ಮುಚ್ಚಳಗಳನ್ನು ಒಂದೊಂದಾಗಿ ಹಾಕಿ. ಕೊನೆಗೆ ವಾಲ್ವ್ ಒಂದೇ ಉಳಿಯುತ್ತದೆ. ಅದರ ಹಿಡಿಯನ್ನು ಒಂದು ಬೆರಳಷ್ಟು ತಿರುಗಿಸಿ, ಕಾಲು ಗಂಟೆ ಕಾಯಿರಿ. ಮುಳ್ಳು ಆಗ ಅಲ್ಲಾಡುತ್ತದೆ. ಹೊಸಬರು ಎರಡೇ ನಿಮಿಷಕ್ಕೆ ಮತ್ತೆ ತಿರುಗಿಸಿ, ಆಮೇಲೆ ಕಾವಿನ ಹಿಂದೆ ಓಡುತ್ತಾರೆ. ಮುಚ್ಚಳ ಎತ್ತಿ ಎತ್ತಿ ನೋಡುವ ಚಟ ಇನ್ನೂ ಕೆಟ್ಟದ್ದು. ಎತ್ತಿದ ಕ್ಷಣ ಗಾಳಿ ನುಗ್ಗುತ್ತದೆ, ಕೆಳಗೆ ಸುರಿದ ಕೊಬ್ಬು ಭಗ್ಗನೆ ಹೊತ್ತಿಕೊಳ್ಳುತ್ತದೆ. ಇದ್ದಿಲು ಎಷ್ಟೇ ಇರಲಿ, ಗಾಳಿ ಕೊಟ್ಟಷ್ಟೇ ಬೆಂಕಿ.

ಹೊಗೆಯ ಬಣ್ಣ ನೋಡಿ ಕಲಿಯಬೇಕು. ದಟ್ಟ ಬಿಳಿ ಹೊಗೆ ಬಂದರೆ ಕಟ್ಟಿಗೆ ಸರಿಯಾಗಿ ಉರಿಯುತ್ತಿಲ್ಲ ಅಂತ ಲೆಕ್ಕ, ಮಾಂಸ ಕಹಿಯಾಗುತ್ತದೆ. ತೆಳ್ಳಗೆ, ಕಂಡೂ ಕಾಣದ ಹಾಗೆ, ನೀಲಿ ಛಾಯೆಯಲ್ಲಿ ಬಂದರೆ ಹದ. ಇದ್ದಿಲಿನ ನಡುವೆ ಹೂತಿಡುವ ಎರಡು ಮೂರು ತುಂಡು ಕಟ್ಟಿಗೆಯೇ ರುಚಿ ಕೊಡುವುದು. ಅಲ್ಲಿ ಓಕ್, ಹಿಕರಿ, ಸೇಬಿನ ಮರ. ನಮ್ಮಲ್ಲಿ ಮಾಡಿಕೊಳ್ಳುವವರಿಗೆ ಸೀಬೆ, ಮಾವು, ಕಾಫಿ ತೋಟದಲ್ಲಿ ಕಡಿದು ಒಣಗಿಸಿದ ಗಿಡ ಆಗುತ್ತದೆ. ನೀಲಗಿರಿ, ಅಂಟು ಸುರಿಯುವ ಮರ ಬೇಡ. ಇದ್ದಿಲಿಗೆ ತೆಂಗಿನ ಚಿಪ್ಪಿನದು ಚೆನ್ನಾಗಿ ನಿಲ್ಲುತ್ತದೆ.

ಟೆಕ್ಸಾಸಿನವರು ಇದರಲ್ಲಿ ಬೇಯಿಸುವುದು ದನದ ಎದೆಭಾಗ, ಕೆರೊಲೈನಾದವರು ಹಂದಿಯ ಹೆಗಲು. ಎರಡೂ ದುಡಿದ ಮಾಂಸ, ನಾರು ಜಾಸ್ತಿ. ಆ ನಾರು ಮೆತ್ತಗಾಗಲು ಮಾಂಸದ ಒಳಗಿನ ಕಾವು 90 ಡಿಗ್ರಿ ದಾಟಬೇಕು. 65ರಿಂದ 75ರ ನಡುವೆ ಎಲ್ಲೋ, ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ಗಂಟೆಗಟ್ಟಲೆ ಕದಲದೆ ನಿಂತುಬಿಡುತ್ತದೆ. ಒಲೆ ಕೆಟ್ಟಿಲ್ಲ. ಮಾಂಸದ ಮೇಲಿನ ತೇವ ಆವಿಯಾಗುತ್ತಾ ಅದನ್ನು ತಣ್ಣಗೆ ಮಾಡುತ್ತಿರುತ್ತದೆ, ಅಷ್ಟೇ. ಅಡುಗೆಗೆ ಬಳಸುವ ಪೇಪರಿನಲ್ಲೋ ಫಾಯಿಲಿನಲ್ಲೋ ಸುತ್ತಿದರೆ ಮುಂದೆ ಹೋಗುತ್ತದೆ.

ಕೊಡಗಿನಲ್ಲಿ, ಮಲೆನಾಡಿನಲ್ಲಿ ಹಿಂದೆ ಅಡುಗೆ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆ ಕುಡಿಸುತ್ತಿದ್ದರು. ಅದು ಮಳೆಗಾಲಕ್ಕೆ ಕೆಡದೆ ಇಡುವ ಉಪಾಯ, ಡ್ರಮ್ಮಿನದು ಆವತ್ತೇ ತಿನ್ನುವ ಅಡುಗೆ. ಮಾಂಸ ತಿನ್ನದವರು ಬೇಸರ ಪಡಬೇಕಿಲ್ಲ. ಒಂದು ಗುಂಡು ಬದನೆಕಾಯಿಗೆ ಎಣ್ಣೆ ಸವರಿ, ಚುಚ್ಚಿ, ಮೆತ್ತಗಾಗುವವರೆಗೆ ಇದರಲ್ಲಿ ಇಡಿ. ಸಿಪ್ಪೆ ಸುಲಿದು, ಹಸಿ ಈರುಳ್ಳಿ, ಹುಣಸೆ ರಸ, ಹಸಿಮೆಣಸು ಹಾಕಿ ಕಿವುಚಿದರೆ, ಗ್ಯಾಸ್ ಒಲೆಯ ಮೇಲೆ ಸುಟ್ಟ ಗೊಜ್ಜು ಸಪ್ಪೆ ಅನ್ನಿಸುತ್ತದೆ.

ಕೆಲಸ ಮುಗಿದ ಮೇಲೆ ನೀರು ಹೊಯ್ಯಬೇಡಿ. ಕೆಳಗಿನ, ಮೇಲಿನ ತೂತುಗಳನ್ನೆಲ್ಲ ಮುಚ್ಚಿದರೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ. ಪೂರ್ತಿ ಆರುವವರೆಗೆ ಡ್ರಮ್ಮನ್ನು ಮನೆಯೊಳಗೋ ಶೆಡ್ಡಿಗೋ ತರಬೇಡಿ, ಕೆಂಡದ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಾರನೆಯ ದಿನ ಬೂದಿ ತೆಗೆಯುವುದನ್ನು ಮರೆಯಬೇಡಿ. ತೇವ ಹಿಡಿದ ಬೂದಿ ತಗಡನ್ನು ತಿನ್ನುತ್ತದೆ. ಎಷ್ಟು ಜೋಪಾನ ಮಾಡಿದರೂ ಕೆಲವು ವರ್ಷಕ್ಕೆ ತಳ ಹೋಗುತ್ತದೆ. ಆಗ ಬೋಲ್ಟು, ವಾಲ್ವು, ಬುಟ್ಟಿ, ಜಾಲರಿ ಎಲ್ಲ ಬಿಚ್ಚಿಟ್ಟುಕೊಂಡು ಇನ್ನೊಂದು ಡ್ರಮ್ಮು ಹುಡುಕಿ. ನಮಸ್ಕಾರ.