ಸ್ಟೇರಿಂಗ್ ಹಿಡಿದವನೊಬ್ಬನೇ ಅಪರಾಧಿಯಾ?

ನಮಸ್ಕಾರ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಅಪಘಾತ ಆದ ಮಾರನೇ ದಿನದ ಪೇಪರ್ ತೆಗೆದು ನೋಡಿ. ಚಾಲಕನ ಅತಿವೇಗ, ಅಜಾಗರೂಕತೆಯೇ ಕಾರಣ. ಚಾಲಕನ ವಿರುದ್ಧ ಪ್ರಕರಣ ದಾಖಲು. ಅಲ್ಲಿಗೆ ಸುದ್ದಿ ಮುಗೀತು, ಹೆಚ್ಚಿನ ಸಲ ತನಿಖೆಯೂ ಮುಗೀತು. ಆ ಡ್ರೈವರ್ ಎಷ್ಟು ಹೊತ್ತಿನಿಂದ ಗಾಡಿ ಓಡಿಸ್ತಿದ್ದ? ಲೋಡು ಎಷ್ಟಿತ್ತು? ಬೆಳಗಾಗೋದರೊಳಗೆ ಗಾಡಿ ಗೋಡೌನ್ ಮುಂದೆ ಇರಬೇಕು ಅಂತ ಫೋನ್ ಮಾಡಿದ್ದು ಯಾರು? ಇದನ್ನ ಕೇಳದೆ ಬಿಡಬಾರದು ಅನ್ನೋದೇ ನನ್ನ ವಾದ.

2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ, ತುಮಕೂರು ಹೆದ್ದಾರಿಯಲ್ಲಿ, ಕಂಟೇನರ್ ಲಾರಿಯೊಂದು ಡಿವೈಡರ್ ಹಾರಿ ಕಾರಿನ ಮೇಲೆ ಬಿತ್ತು. ಒಂದೇ ಕುಟುಂಬದ ಆರು ಜನ ಹೋದರು. ಅದು ವೋಲ್ವೋ ಕಾರು, ಸುರಕ್ಷತೆಗೇ ಹೆಸರಾದ ಕಂಪನಿಯದ್ದು. ಅಲ್ಲಿ ತಪ್ಪು ಯಾರದು ಅಂತ ನಾನು ತೀರ್ಪು ಕೊಡೋಕೆ ಹೋಗಲ್ಲ. ಆದರೆ ಅಷ್ಟು ಭಾರ ಮೇಲೆ ಬಿದ್ದರೆ ಸೀಟ್ ಬೆಲ್ಟು, ಏರ್‌ಬ್ಯಾಗು ಯಾವುದೂ ಕಾಯಲ್ಲ. ನಾವು ನೀವು ಎಷ್ಟೇ ಹುಷಾರಾಗಿ ಹೋದರೂ ಸಾಲದು. ಹಾಗಿದ್ದ ಮೇಲೆ ಆ ಭಾರವನ್ನ ರಸ್ತೆಗೆ ಇಳಿಸಿ ದುಡ್ಡು ಮಾಡೋರ ಹೊಣೆ ಎಲ್ಲರಿಗಿಂತ ದೊಡ್ಡದು.

ಓವರ್‌ಲೋಡ್ ವಿಷಯ ತಗೊಳ್ಳಿ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಓಡಿಸಿದವನಿಗಷ್ಟೇ ಅಲ್ಲ, ಓಡಿಸೋಕೆ ಹಚ್ಚಿದವರಿಗೂ ಬಿಟ್ಟವರಿಗೂ ಇದು ಅನ್ವಯಿಸುತ್ತೆ. ಹೆಚ್ಚಿನ ಲೋಡು ಇಳಿಸದೆ ಗಾಡಿ ಮುಂದೆ ಕದಲಬಾರದು ಅಂತಲೂ ಇದೆ. ಶಿರಾಡಿಯಂಥ ಘಾಟಿಯಲ್ಲಿ ಮಿತಿ ಮೀರಿದ ಲೋಡು ಹೊತ್ತು ಇಳಿಯುವಾಗ ಬ್ರೇಕ್ ತುಳಿದು ತುಳಿದು ಚಕ್ರದ ಬ್ರೇಕ್ ಡ್ರಮ್ಮು ಕೆಂಡದ ಹಾಗೆ ಬಿಸಿಯಾಗುತ್ತೆ, ಹಿಡಿತ ಹೋಗುತ್ತೆ. ನಾವು ಅದನ್ನ 'ಬ್ರೇಕ್ ಫೇಲ್' ಅಂತೀವಿ, ಹಣೆಬರಹ ಅಂತೀವಿ. ಅಲ್ಲ ಸ್ವಾಮಿ, ಆ ಅಪಘಾತ ಶುರುವಾಗಿದ್ದು ಲೋಡ್ ಮಾಡಿದ ಜಾಗದಲ್ಲಿ.

ಇನ್ನು ನಿದ್ದೆ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ 1961ರ ಕಾಯ್ದೆಯೇ ಹೇಳಿತ್ತು. ಆದರೆ ಐದು ಜನ ಕೆಲಸಗಾರರೂ ಇಲ್ಲದ ಕಡೆ ಅದು ತಾನಾಗಿ ಅನ್ವಯಿಸ್ತಿರಲಿಲ್ಲ. ನಮ್ಮಲ್ಲೋ, ಒಂದೆರಡು ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟೋ ಮಾಲೀಕರೇ ಬಹಳ. ಕಾರ್ಖಾನೆ ಟ್ರಾನ್ಸ್‌ಪೋರ್ಟ್ ಕಂಪನಿಗೆ ಕೊಡುತ್ತೆ, ಕಂಪನಿ ಬ್ರೋಕರ್‌ಗೆ, ಬ್ರೋಕರ್ ಇಂಥ ಮಾಲೀಕನಿಗೆ. ಕೈ ಬದಲಾದ ಹಾಗೆಲ್ಲ ಬಾಡಿಗೆ ಇಳಿಯುತ್ತೆ, ತಲುಪಬೇಕಾದ ಟೈಮ್ ಮಾತ್ರ ಬದಲಾಗಲ್ಲ. ಕೊನೆಗೆ ಟ್ರಿಪ್ಪಿಗೆ ಇಷ್ಟು ಅಂತ ದುಡಿಯೋ ಡ್ರೈವರ್, ಜೊತೆಗೆ ಕ್ಲೀನರ್ ಕೂಡ ಇಲ್ಲದೆ ರಾತ್ರಿಯೆಲ್ಲ ಓಡಿಸ್ತಾನೆ. ಜನ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಜೈಲು ಅವನಿಗೇ. ಪರಿಹಾರವನ್ನ ಸಾಮಾನ್ಯವಾಗಿ ವಿಮಾ ಕಂಪನಿ ಕಟ್ಟುತ್ತೆ. ಟೈಮ್ ನಿಗದಿ ಮಾಡಿದವರಿಗೆ ಬಿಸಿಯೇ ತಟ್ಟಲ್ಲ.

ಕುಡಿದು ಓಡಿಸಿದ, ಮೊಬೈಲ್ ನೋಡ್ತಾ ಓಡಿಸಿದ ಡ್ರೈವರ್‌ಗೆ ಶಿಕ್ಷೆ ಆಗಲಿ, ಅದರಲ್ಲಿ ಎರಡು ಮಾತಿಲ್ಲ.

ಮಾಲೀಕರ ಮೇಲೆ ಸಾಕ್ಷಿ ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ. 2021ರ ಫೆಬ್ರವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಗಾಡಿ ಯಾವ ಟೋಲ್ ಎಷ್ಟು ಗಂಟೆಗೆ ದಾಟಿತು ಅನ್ನೋದು ದಾಖಲಾಗಿರುತ್ತೆ. ಸರಕು ಯಾರದು, ಎಲ್ಲಿಂದ ಎಲ್ಲಿಗೆ ಅನ್ನೋದು ಇ-ವೇ ಬಿಲ್‌ನಲ್ಲಿ, ಅಂದರೆ ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ದಾಖಲೆಯಲ್ಲಿ ಇರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಡ್ರೈವರ್ ವಿಶ್ರಾಂತಿ ಪಡೆದಿದ್ದನೋ ಇಲ್ಲವೋ ಅಂತ ಹತ್ತು ನಿಮಿಷದಲ್ಲಿ ಅಂದಾಜು ಸಿಗುತ್ತೆ. ತೆರಿಗೆ ತಪ್ಪಿಸಿದ್ದಾರಾ ಅಂತ ನೋಡೋಕೆ ಇದೇ ಇ-ವೇ ಬಿಲ್ ಕೇಳಿ ನಡುರಾತ್ರಿ ಗಾಡಿ ನಿಲ್ಲಿಸ್ತಾರಲ್ಲ, ಜನ ಸತ್ತಾಗ ಯಾಕೆ ಕೇಳಬಾರದು?

ನಿಮ್ಮ ಮನೆಯವರನ್ನ ಇಂಥ ಅಪಘಾತದಲ್ಲಿ ಕಳೆದುಕೊಂಡು ಪರಿಹಾರದ ಕೇಸ್ ಹಾಕ್ತಿದ್ದರೆ, ನಿಮ್ಮ ವಕೀಲರಿಗೆ ಈ ಮಾತು ಹೇಳಿ. ಮೋಟಾರು ಅಪಘಾತ ನ್ಯಾಯಮಂಡಳಿಗೆ ಸಿವಿಲ್ ಕೋರ್ಟಿನ ಹಾಗೆ ದಾಖಲೆ ತರಿಸೋ ಅಧಿಕಾರ ಇದೆ. ಫಾಸ್ಟ್ಯಾಗ್ ವಿವರ, ಇ-ವೇ ಬಿಲ್, ತೂಕದ ಚೀಟಿ, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್), ಡ್ರೈವರ್‌ಗೂ ಆಫೀಸಿಗೂ ನಡೆದ ಫೋನ್ ಕರೆಗಳ ಪಟ್ಟಿ, ಇಷ್ಟನ್ನೂ ಬರವಣಿಗೆಯಲ್ಲೇ ಕೇಳಿ. ಟೋಲ್‌ನ ಕ್ಯಾಮೆರಾ ದೃಶ್ಯ ಬಹಳ ದಿನ ಉಳಿಯಲ್ಲ, ಅದಕ್ಕೆ ಮೊದಲ ವಾರದಲ್ಲೇ ಪೊಲೀಸರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.