ಆ ಸ್ಲೈಡರ್ ಮೇಲಿಂದ ಕೈ ತೆಗೀರಿ

ನಮಸ್ಕಾರ ಸ್ನೇಹಿತರೇ. ಇವತ್ತು ಹವಳ ಸಾಕೋ ಉಪ್ಪುನೀರಿನ ಟ್ಯಾಂಕಿನಲ್ಲಿ ಕೊಳೆ ತೆಗೆಯೋ ಪ್ರೋಟೀನ್ ಸ್ಕಿಮ್ಮರ್ ತೊಳೆಯೋದು ಹೇಗೆ ಅಂತ ಹೇಳಬೇಕು ಅಂದ್ಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ, ಆಮೇಲೆ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲ. "ಸಾರ್, ಒಂದು ತಿಂಗಳಲ್ಲಿ ಆರು ಸಲ ಎಲ್‌ಇಡಿ ಸೆಟ್ಟಿಂಗ್ ಬದಲಾಯಿಸಿದೆ. ಹವಳ ಇನ್ನೂ ಕಂದು ಬಣ್ಣದಲ್ಲೇ ಇದೆ. ನಿಮ್ಮ ಲೈಟಿನ ಪರ್ಸೆಂಟ್ ಹೇಳಿಬಿಡಿ."

ಒಂದು ತಿಂಗಳಲ್ಲಿ ಆರು ಸಲ! ಗಿಡ ನೆಟ್ಟು, ಬೇರು ಬಿಟ್ಟಿದೆಯಾ ಅಂತ ಐದೈದು ದಿನಕ್ಕೆ ಕಿತ್ತು ನೋಡಿದ ಹಾಗಾಯ್ತು ಇದು. ಒಂದೊಂದು ಬಣ್ಣದ ಬೆಳಕು ಎಷ್ಟಿರಬೇಕು ಅಂತ ಲೈಟಿನ ಆಪ್‌ನಲ್ಲಿ ಸ್ಲೈಡರ್ ತಳ್ಳಿ ಇಡ್ತೀವಲ್ಲ, ಆ ಪರ್ಸೆಂಟ್ ನಾನು ಹೇಳಲ್ಲ. ನನ್ನ ಲೈಟಿನ ಅರವತ್ತು ನಿಮ್ಮ ಲೈಟಿನ ಅರವತ್ತು ಅಲ್ಲ. ಲೈಟ್ ನೀರಿಂದ ಎಷ್ಟು ಎತ್ತರದಲ್ಲಿದೆ, ಲೆನ್ಸ್ ಎಂಥದ್ದು, ಹವಳ ಎಷ್ಟು ಆಳದಲ್ಲಿ ಕೂತಿದೆ, ಇಷ್ಟರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತೆ. ಹವಳಕ್ಕೆ ತಲುಪೋ ಬೆಳಕನ್ನ ಅಳೆಯೋದು ಪಾರ್ ಮೀಟರ್. 400ರಿಂದ 700 ನ್ಯಾನೋಮೀಟರ್, ಅಂದ್ರೆ ನೇರಳೆಯಿಂದ ಕೆಂಪಿನ ತನಕದ ಬೆಳಕು ಎಷ್ಟು ಬೀಳ್ತಿದೆ ಅಂತ ಅದು ಹೇಳುತ್ತೆ. ಆ ಮೀಟರ್ ಬಗ್ಗೆ ಹಿಂದೆ ಪೂರ್ತಿ ಒಂದು ವಿಡಿಯೋ ಮಾಡಿದ್ದೀನಿ, ನೋಡಿಲ್ಲ ಅಂದ್ರೆ ಇದು ಮುಗಿದ ಮೇಲೆ ದಯವಿಟ್ಟು ನೋಡಿ.

ಈಗ ಬಣ್ಣಕ್ಕೆ ಬರೋಣ. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಅನ್ನೋ ಸೂಕ್ಷ್ಮ ಪಾಚಿ ಇರುತ್ತೆ. ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸೋದು ಅದೇ. ಅದರ ಬಣ್ಣವೇ ಕಂದು. ಹಸಿರು, ಗುಲಾಬಿ, ನೇರಳೆ ಅಂತ ನೀವು ಆಸೆಪಡ್ತೀರಲ್ಲ, ಅದನ್ನ ಹವಳ ತಾನೇ ಪ್ರೋಟೀನ್ ರೂಪದಲ್ಲಿ ತಯಾರಿಸುತ್ತೆ. ನೀಲಿ ಬೆಳಕು ಹೀರಿ ಹಸಿರು ಬೆಳಕು ಬಿಡೋ ಇಂಥ ಪ್ರೋಟೀನು ಮೊದಲು ಸಿಕ್ಕಿದ್ದು ಒಂದು ಜೆಲ್ಲಿ ಮೀನಿನಲ್ಲಿ. ಆ ಕೆಲಸಕ್ಕೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಹವಳಗಳಲ್ಲೂ ಅದೇ ಬಳಗದ ಪ್ರೋಟೀನುಗಳಿವೆ. ಅವನ್ನ ಮೈತುಂಬಾ ಕೂಡಿಸಿಕೊಳ್ಳೋಕೆ ಹವಳಕ್ಕೆ ವಾರಗಟ್ಟಲೆ ಬೇಕು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಇಲ್ಲೇ ಎಲ್ಲರೂ ಮೋಸ ಹೋಗೋದು. ನೀಲಿ ಸ್ಲೈಡರ್ ಮೇಲಕ್ಕೆ ತಳ್ಳಿದ್ರಿ, ಹವಳ ತಕ್ಷಣ ಝಗ್ ಅಂತ ಹೊಳೀತು. "ಬಣ್ಣ ಬಂತು!" ಅಂದ್ರಿ. ಬಂದಿಲ್ಲ ಸ್ವಾಮಿ! ಇದ್ದ ಪ್ರೋಟೀನು ಕಣ್ಣಿಗೆ ಕಾಣಿಸ್ತು, ಅಷ್ಟೇ. ನಾಳೆ ಬಿಳಿ ಏರಿಸಿ, ಮತ್ತೆ ಕಂದು. ಹವಳ ಇದ್ದ ಹಾಗೇ ಇದೆ, ಬದಲಾಗಿದ್ದು ನೀವು ನೋಡೋ ಬೆಳಕು. ಅದಕ್ಕೇ ಹೇಳ್ತಿರೋದು, ಒಂದು ಸಲ ಸೆಟ್ ಮಾಡಿ, ಬಿಟ್ಟುಬಿಡಿ.

"ಸಮುದ್ರದಲ್ಲೂ ದಿನಾ ಬೆಳಕು ಬದಲಾಗುತ್ತಲ್ವಾ, ಮೋಡ ಬರಲ್ವಾ?" ಅಂತ ಕೇಳೋರಿದ್ದಾರೆ. ಮೋಡ ಬಂದ್ರೆ ಬೆಳಕು ಕಮ್ಮಿ ಆಗುತ್ತೆ, ಮಂಗಳವಾರ ನೇರಳೆ, ಶುಕ್ರವಾರ ಕೆಂಪು ಆಗಲ್ಲ! ನೀರು ಕೆಂಪನ್ನ ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತೆ. ಹತ್ತು ಮೀಟರ್ ಆಳದಲ್ಲಿರೋ ಹವಳ ನೋಡೋದು ಹೆಚ್ಚಾಗಿ ನೀಲಿ, ಹಸಿರನ್ನೇ, ವರ್ಷವಿಡೀ. "ಆಪ್‌ನಲ್ಲಿ ಅಷ್ಟೊಂದು ಬಣ್ಣದ ಚಾನೆಲ್ ಕೊಟ್ಟಿದ್ದಾರಲ್ಲ" ಅಂತಾರೆ ಇನ್ನೊಬ್ಬರು. ಕಾರಿಗೆ ಹಾರ್ನ್ ಕೊಟ್ಟಿದ್ದಾರೆ ಅಂತ ದಾರಿಯುದ್ದಕ್ಕೂ ಒತ್ತಿಕೊಂಡೇ ಹೋಗ್ತೀರಾ?

ಇದು ಬರೀ ಬಣ್ಣದ ಮಾತಾಗಿದ್ರೆ ನಾನು ಇಷ್ಟು ಕೂಗಾಡ್ತಿರಲಿಲ್ಲ. ನಮ್ಮ ಕಣ್ಣು ಚುರುಕಾಗಿರೋದು ಹಸಿರಿಗೆ, 555 ನ್ಯಾನೋಮೀಟರ್ ಹತ್ತಿರ. 450ರ ರಾಯಲ್ ಬ್ಲೂ ನಮಗೆ ಮಂಕಾಗಿ ಕಾಣುತ್ತೆ. ಟ್ಯಾಂಕ್ ಕತ್ತಲೆ ಅನ್ಸುತ್ತೆ, ಇನ್ನೂ ಏರಿಸ್ತೀವಿ. ಆದ್ರೆ ಆ ಪಾಚಿಗೆ ಅದು ನೆತ್ತಿ ಮೇಲಿನ ಬಿಸಿಲು. ನಾನೂ ಒಂದು ಸಂಜೆ ಹೀಗೇ ಏರಿಸಿದ್ದೆ. ಎರಡು ವರ್ಷ ಸಾಕಿದ ಆಕ್ರೋಪೋರಾ ಅನ್ನೋ ಹವಳ, ಒಂದೇ ವಾರದಲ್ಲಿ ತುದಿಯಿಂದ ಬೆಳ್ಳಗಾಗ್ತಾ ಬಂತು. ಪಾಚಿಯನ್ನ ಹೊರಗೆ ಹಾಕಿತ್ತು. ಉಳಿಸಿಕೊಳ್ಳೋಕೆ ಆಗಲಿಲ್ಲ. ಆ ಅಸ್ಥಿಪಂಜರ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ನಿಮ್ಮ ಹವಳ ಕಂದಾಗಿದ್ರೆ ಮೊದಲು ನೀರು ಪರೀಕ್ಷೆ ಮಾಡಿ. ನೈಟ್ರೇಟ್, ಫಾಸ್ಫೇಟ್ ಹೆಚ್ಚಿದ್ರೆ ಪಾಚಿ ಒಳಗೇ ದಟ್ಟವಾಗಿ ಬೆಳೆದು ಬಣ್ಣವನ್ನೆಲ್ಲ ಮುಚ್ಚಿಬಿಡುತ್ತೆ. ತೊಂದರೆ ನೀರಲ್ಲಿ, ತಿರುಗಿಸ್ತಿರೋದು ಲೈಟು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಲೈಟೇ ಬದಲಾಯಿಸಬೇಕು ಅಂತಾದ್ರೆ ವಾರಕ್ಕೊಂದು ಚೂರು ಮಾತ್ರ, ಆಮೇಲೆ ಕಾಯಬೇಕು. ಕೈ ತೆಗೀರಿ. ಫೋನ್ ಇನ್ನೊಂದು ರೂಮಲ್ಲಿಡಿ, ಆಪ್ ಡಿಲೀಟ್ ಮಾಡಿದ್ರೂ ಸರಿ, ಕೈ ತೆಗೀರಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಕಾಮೆಂಟ್ ಹಾಕಿದವರೇ, ನಿಮಗೆ ಒಂದೇ ಕೆಲಸ. ಇವತ್ತಿನ ತಾರೀಖು ಟ್ಯಾಂಕಿನ ಗಾಜಿನ ಮೇಲೆ ಬರೀರಿ. ಎಂಟು ವಾರ ಲೈಟಿನ ಸೆಟ್ಟಿಂಗ್ ಮುಟ್ಟಬೇಡಿ. ಆಮೇಲೆ ಅದೇ ಜಾಗದಿಂದ, ಅದೇ ಬೆಳಕಲ್ಲಿ ಫೋಟೋ ತೆಗೆದು ಕಳಿಸಿ. ನಾನು ಕಾಯ್ತಿರ್ತೀನಿ.